ನಲವತ್ತೊಂದನೆಯ ಗರಿ

ಗರಿ ತುಟ್ಟಿ. ತೆಂಕಣ ಸೀಮೆಯಿಂದ ಹೇರೆತ್ತಿನ ಬೆನ್ನ ಮೇಲೆ
ಮೈಂದರ್ಗಿ ಮುಟ್ಟುವಷ್ಟರಲ್ಲಿ ಅರ್ಧ ಸೀಳಿರುತ್ತವೆ.
ಈ ವರ್ಷ ಭೀಮೆಯ ದಂಡೆಗೆ ಪಾದಶಹನ ದಂಡು ಬಿದ್ದು
ಎತ್ತೂ ಇಲ್ಲ, ಎಣ್ಣೆಯೂ ಇಲ್ಲ.
ಆದರೂ ಮಠದಯ್ಯ ಹೇಳುತ್ತಾರೆ:
ರಾಚಪ್ಪಾ, ತೂತಿನ ಸುತ್ತ ಜಾಗ ಬಿಡು.

ಬಿಟ್ಟೆ. ಗರಿಗೊಂದು ಜೋಳದ ಕಾಳಿನಷ್ಟು ತೂತು,
ಅದರ ಸುತ್ತ ಹೆಬ್ಬೆಟ್ಟಿನಷ್ಟು ಬರಿದು.
ನೂರು ಗರಿಗೆ ನೂರು ಹೆಬ್ಬೆಟ್ಟು.
ಜಿಪುಣ ಮನಸ್ಸು ಲೆಕ್ಕ ಹಾಕುತ್ತದೆ:
ಒಂದು ಪ್ರಕರಣವೇ ಹಿಡಿಸುತ್ತಿತ್ತಲ್ಲ ಇಷ್ಟರೊಳಗೆ,
ಶೂನ್ಯವೆಂದರೇನು ಎಂಬ ಪ್ರಕರಣ.

ಉಕ್ಕಿನ ಕಂಠ ಕೊರೆಯುತ್ತದೆ, ಕಾಣಿಸುವುದಿಲ್ಲ.
ಹಗಲಿಡೀ ಬರೆದದ್ದು ಹಗಲಿಡೀ ಬರಿದು.
ಸಂಜೆಗೆ ನೀಲಗಾರರ ಈರವ್ವ ಬರಬೇಕು,
ಹಣತೆಯ ಮಸಿಗೆ ಹಿಪ್ಪೆಯೆಣ್ಣೆ ಕಲಸಿ
ಅಂಗೈಯಿಂದ ತೀಡಬೇಕು, ಅರಿವೆಯಿಂದ ಒರೆಸಬೇಕು.
ಅರಿವೆ ಆಡಿದ ಮೇಲೆ ಎಲ್ಲ ಹೋಗಿ
ಗಾಯವಾದಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ.
ಅದಕ್ಕೆ ಜನ ಅಕ್ಷರ ಅನ್ನುತ್ತಾರೆ.

ನಲವತ್ತೊಂದನೆಯ ಗರಿ. ತಾಯಿಪ್ರತಿಯಲ್ಲಿ ಹೀಗಿತ್ತು:
ತನ್ನ ತಾನರಿವುದೆಂತೆಂದರೆ
ಆಮೇಲೆ ಹುಳ.
ಎರಡು ಸಾಲು ತಿಂದು, ಆಚೆ ಬದಿಗೆ ಹೊರಬಿದ್ದು
ಎಂದರಿವುದಯ್ಯಾ ಎಂಬಲ್ಲಿ ಬಿಟ್ಟಿದೆ.

ಇಂಥದನ್ನು ತುಂಬುವುದರಲ್ಲಿ ಪಳಗಿದ ಕೈ ನನ್ನದು.
ಹೇಳಿಬಿಡುತ್ತೇನೆ: ಜತ್ತಿನ ಮಠದ ಪ್ರತಿಯಲ್ಲಿ ಹನ್ನೊಂದು ಕಡೆ
ಗುರುವಿನ ಮಾತೆಂದು ಓದುತ್ತಿರುವುದು ನನ್ನ ಮಾತು.
ಕಣ್ಣುಮುಚ್ಚಿ ಕೇಳಿ ತಲೆದೂಗಿದವರಲ್ಲಿ ನಾನೂ ಒಬ್ಬ.
ಒಮ್ಮೆ ಅತ್ತೂಬಿಟ್ಟೆ.

ಮೂರು ರಾತ್ರಿ ಕೂತೆ. ತುಂಬಲು ಏನು ಕಡಿಮೆ?
ಬಯಲು, ಬೆಳಗು, ಕನ್ನಡಿಯೊಳಗಿನ ಕನ್ನಡಿ,
ಉಪ್ಪು ನೀರಾದ ಕತೆ, ಎಲ್ಲ ಬಾಯಿಪಾಠ.
ಒಂದೊಂದನ್ನೂ ಎತ್ತಿ ಒಳಕ್ಕೆ ಇಳಿಬಿಟ್ಟೆ.
ಹಗ್ಗ ಮುಗಿಯಿತು, ಕೊಡ ತಾಗಿದ ಸದ್ದಿಲ್ಲ.
ಬೋರಿ ಹೊಳೆಯಾಚೆ ದಂಡಿನ ನಗಾರಿಯೂ ನಿಂತಿತ್ತು.
ನಾನಿದ್ದೆನೋ, ಕೂತ ಜಾಗವಷ್ಟೇ ಇತ್ತೋ.

ಎರಡು ಸಾಲಿನ ಜಾಗ ಬಿಟ್ಟು ಮುಂದಕ್ಕೆ ಹೋದೆ.

ಮಸಿ ತೀಡುತ್ತಿದ್ದ ಈರವ್ವ ಕೈ ನಿಲ್ಲಿಸಿದಳು.
ಓದು ಬಾರದು ಆಕೆಗೆ. ಅಂಗೈಗೆ ಗೊತ್ತಾಗುತ್ತದೆ.
"ಇಲ್ಲಿ ನುಣ್ಣಗದ. ಮರತಿಯೇನು?"
"ಇಲ್ಲವ್ವಾ. ನನಗ ಅಷ್ಟೇ ಗೊತ್ತದ."
ಮತ್ತೊಮ್ಮೆ ತೀಡಿದಳು, ಒರೆಸಿದಳು. ಮಸಿ ನಿಲ್ಲಲಿಲ್ಲ.
"ಎಣ್ಣಿ ದಂಡ," ಅಂದಳು.

ಕಡೆಯ ಗರಿಯಲ್ಲಿ ವಾಡಿಕೆಯಂತೆ ಬರೆದೆ:
ಬೆನ್ನು ಬಾಗಿ ಕಣ್ಣು ನೊಂದು ಬರೆದದ್ದು,
ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳುವುದು.
ಜಾಗ ಉಳಿದಿತ್ತು. ಇನ್ನೊಂದು ಸಾಲು ಕೊರೆದೆ:
ನಲವತ್ತೊಂದರಲ್ಲಿ ಮಾತ್ರ ತಿದ್ದಬೇಡಿರಿ.

ಆಮೇಲೆ ದಾರ ಪೋಣಿಸಿದೆ,
ತೂತಿನಿಂದ ತೂತಿಗೆ.