ಒಂದು ರೂಪಾಯಿ ಬಾಕಿ

ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು
ಕಂಡಕ್ಟರನಿಗೆ ಹೇಳಿಸಿದ ಅಭ್ಯಾಸವಲ್ಲ.
ಒಂದು ಕೈ ಮೇಲಿನ ಸರಳಿಗೆ, ಇನ್ನೊಂದು ಚಿಲ್ಲರೆಗೆ,
ಹಲ್ಲಿಗೆಂದು ಮೂರನೆಯದನ್ನು ದೇವರು ಕೊಟ್ಟಿಲ್ಲ.
ಆರು ವರ್ಷ ತಲಪಾಡಿ ರೂಟಿನಲ್ಲಿ
ತುಟಿ ಮುಚ್ಚಿಯೇ ನಕ್ಕೆ.

ಮತ್ತೆ ಒಂದು ಮಂಗಳವಾರ, ಗಾಡಿ ಗ್ಯಾರೇಜಿನಲ್ಲಿದ್ದ ದಿನ,
ಕಂಕನಾಡಿಯಲ್ಲಿ ಡಾಕ್ಟರು ಪ್ರೆಸಿಲ್ಲಾ ಬಾಯೊಳಗೆ ಇಣುಕಿ
"ಇಪ್ಪತ್ತು ತಿಂಗಳು ಬೇಕು" ಎಂದರು, "ತಾಳ್ಮೆ ಉಂಟಾ?"
ಪಂಪ್‌ವೆಲ್‌ನಲ್ಲಿ ದಿನಾ ಕಾಯುವವನಿಗೆ ಕೇಳುವ ಮಾತಾ ಅದು!

ಮೊದಲ ವಾರ ನಾಲಗೆಗೆ ಸ್ವಂತ ಬಾಯಿಯೇ ಪರಊರು.
ಗಂಜಿ, ಬರೀ ಗಂಜಿ.
ಆಮೇಲೆ ಅಮ್ಮ ಕೋರಿರೊಟ್ಟಿಯನ್ನು
ಸಾರಿನಲ್ಲಿ ಅಷ್ಟು ಹೊತ್ತು ನೆನೆಸಿದಳು
ರೊಟ್ಟಿ ತನ್ನ ಹೆಸರು ಮರೆಯುವಷ್ಟು.
ನೆಲಗಡಲೆಯ ಅದ್ರಾಮಾಕ ಬಸ್ಸು ಹತ್ತಿ
ಹಿಡಿ ಕಡಲೆ ಚಾಚಿ, ನೆನಪಾಗಿ, ಹಿಂದಕ್ಕೆ ತೆಗೆದರು:
"ನಿನ್ನ ಪಾಲು ಬರೆದಿಡ್ತೇನೆ ಮೋನೆ."

ಐತಪ್ಪಣ್ಣ ಬ್ರೇಕ್ ತುಳಿದದ್ದು ಜೆಪ್ಪಿನಮೊಗರಿನಲ್ಲಿ, ದನ ಅಡ್ಡ ಬಂದು.
ಕಚ್ಚಿಕೊಂಡಿದ್ದ ವಿಸಿಲ್ ಹಲ್ಲಿಗೆ ಹೊಡೆಯಿತು,
ಒಂದು ಬ್ರಾಕೆಟ್ ಕಳಚಿ ತಂತಿಯಲ್ಲೇ ಜೋತಾಡಿತು
ಫುಟ್‌ಬೋರ್ಡಿನ ಕಾಲೇಜು ಹುಡುಗನ ಹಾಗೆ.
ಕಿತ್ತು ಎಸೆಯಲಿಲ್ಲ. ಮೇಣ ಒತ್ತಿ ಫೋನು ಮಾಡಿದೆ.
ಡಾಕ್ಟರು ಬೈದದ್ದು ದನಕ್ಕಲ್ಲ, ವಿಸಿಲಿಗೆ.
ಅಂದಿನಿಂದ ಅದು ಕೊರಳಲ್ಲಿ ಸುಮ್ಮನೆ ತೂಗುತ್ತದೆ.
ಬಸ್ಸಿನ ತಗಡಿಗೆ ಅಂಗೈ ಪೆಟ್ಟು:
ಒಂದಾದರೆ ನಿಲ್ಲು, ಎರಡಾದರೆ ಪೋಯಿ.
ಐತಪ್ಪಣ್ಣ ಎರಡೇ ದಿನದಲ್ಲಿ ಕಲಿತರು.
ಎಲೆಯಡಿಕೆಗೆ ಹನ್ನೊಂದು ಹಲ್ಲು ಕೊಟ್ಟವರು,
ಉಳಿದವುಗಳ ಬೆಲೆ ಅವರಿಗೆ ಗೊತ್ತು.

ಸ್ಟೇಟ್ ಬ್ಯಾಂಕಿನಲ್ಲಿ ನಮಗೆ ಎಂಟು ನಿಮಿಷ.
ಮೂರು ಚಾಯಕ್ಕೆ, ಬನ್ಸಿಗೆ. ಉಳಿದದ್ದು ಹಲ್ಲಿಗೆ.
ಡ್ರೈವರ್ ಬದಿಯ ಕನ್ನಡಿ ತಿರುಗಿಸಿ, ಬಾಟಲಿ ನೀರಲ್ಲಿ,
ತಂತಿಯ ಮೇಲೆ, ತಂತಿಯ ಕೆಳಗೆ,
ಮತ್ತೆ ಆ ಕಡ್ಡಿಯಷ್ಟು ಸಪೂರದ ಬ್ರಷ್ಷು ಒಂದೊಂದೇ ಸಂದಿಗೆ.
"ಮದುವೆ ನಿಶ್ಚಯ ಆಯ್ತಾ ಮಾರಾಯ?" ಪಕ್ಕದ ಗಾಡಿಯವರು.
ಆಗಲಿಲ್ಲ. ನನ್ನ ಹೆದರಿಕೆ ಬೇರೆ:
ಎಲ್ಲ ಕಳಚಿದ ದಿನ ಸಾಲು ನೆಟ್ಟಗಿದ್ದೂ
ಹಲ್ಲಿಗೊಂದು ಬಿಳಿ ಚೌಕ ಉಳಿದುಬಿಟ್ಟರೆ,
ಗೋಡೆಯಿಂದ ಹಳೆ ಕ್ಯಾಲೆಂಡರ್ ತೆಗೆದ ಹಾಗೆ?

ನಿನ್ನೆ ತೊಕ್ಕೊಟ್ಟಿನಲ್ಲಿ ಒಬ್ಬಳು ಹತ್ತಿದಳು, ಒಂಬತ್ತನೇ ಕ್ಲಾಸು ಇರಬೇಕು.
ಒಂದು ಕೈಯಲ್ಲಿ ನೋಟು, ಇನ್ನೊಂದು ಬಾಯಿಗೆ.
ಟಿಕೆಟಿಗೆ ಹೋಗಿ ಒಂದು ರೂಪಾಯಿ ಅವಳಿಗೆ.
ಚಿಲ್ಲರೆ ಇಲ್ಲದಾಗ ಎಲ್ಲರಿಗೂ ಕೊಡುವ
ಅಂಟು ಚಾಕಲೇಟು ಚಾಚಿದೆ.
ಬೇಡ ಎನ್ನಲು ಕೈ ತೆಗೆದಳು. ಮಿಂಚಿತು.
ತುಟಿಯ ಒಳಗೆ ತಂತಿ ಗೀರಿದ ಕೆಂಪು.

ಚಾಕಲೇಟು ವಾಪಸು ಚೀಲಕ್ಕೆ.
ಚಿಲ್ಲರೆಯ ಅಡಿಯಿಂದ ಮೇಣದ ಡಬ್ಬಿ ತೆಗೆದೆ, ಹೊಸದು, ಒಡೆಯದ್ದು.
"ತೊಗರಿಕಾಳಷ್ಟು ಸಾಕು. ಕೈ ತೊಳೆದು, ಉರುಟು ಮಾಡಿ
ಕುತ್ತುವಲ್ಲಿಗೆ ಒತ್ತು. ಡಾಕ್ಟರಿಗೂ ತೋರಿಸು, ಆಯ್ತಾ?"
ಹೇಳುವಾಗ ನನ್ನದೂ ಅವಳಿಗೆ ಕಂಡಿತು,
ಸೇತುವೆಯ ಮೇಲೆ, ನೇತ್ರಾವತಿಯ ಅಷ್ಟೂ ಬೆಳಕಿನಲ್ಲಿ.

"ನಿಮಗೆ ಇನ್ನೆಷ್ಟು?"
"ಆರು ತಿಂಗಳು. ಮತ್ತೆ ರಾತ್ರಿಗೆ ಬೇರೊಂದು ಹಾಕಬೇಕಂತೆ.
ಬಿಟ್ಟರೆ ಹಲ್ಲು ಹಳೇ ಸ್ಟಾಪಿಗೇ ಹೊರಡ್ತದಂತೆ."

ನಕ್ಕಳು. ಅಡ್ಡ ಬರಲು ಕೈ ಇರಲಿಲ್ಲ,
ಎರಡೂ ಸರಳು ಹಿಡಿದಿದ್ದವು.

ಕಂಕನಾಡಿಯಲ್ಲಿ ಇಳಿದು ತಿರುಗಿದಳು:
"ನನ್ನ ಒಂದು ರೂಪಾಯಿ?"
"ಬಾಕಿ. ನಾಳೆ."

ತಗಡಿಗೆ ಎರಡು ಪೆಟ್ಟು.