ತಲೆಯಾಡಿಸಿದ್ದು ದಾಖಲಾಗುವುದಿಲ್ಲ

ಮೂವತ್ತೊಂದು ವರ್ಷ
ವೈನೊ ಹೌಟಾಲನ ಮಾತೆಲ್ಲ
ನನ್ನ ಹತ್ತು ಬೆರಳಲ್ಲಿ ಹಾದು ಕಾಗದಕ್ಕಿಳಿಯಿತು.
ನ್ಯಾಯಪೀಠದ ಕೆಳಗೆ ಕೂತು
ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದು ನನ್ನ ಕೆಲಸ.
ಕಿವಿಯಿಂದ ಬೆರಳಿಗೆ ನೇರ ದಾರಿ,
ನಡುವೆ ಮನಸ್ಸಿಗೆ ನಿಲ್ದಾಣವಿಲ್ಲ.

ಸಾಕ್ಷಿಗಳು ಬರೀ ತಲೆಯಾಡಿಸಿದಾಗೆಲ್ಲ
ಅವನು ನನ್ನತ್ತ ಕೈತೋರುತ್ತಿದ್ದ:
"ಬಾಯಿಬಿಟ್ಟು ಹೇಳಿ, ಡೋರೀನಳ ಯಂತ್ರಕ್ಕೆ ಕಣ್ಣಿಲ್ಲ."
ಅದನ್ನೂ ಬರೆದಿದ್ದೇನೆ, ಎಷ್ಟು ಸಲವೋ.

ಮಾತು ಬಲ್ಲವನಿಗೆ ಜಗಳವಿಲ್ಲವಂತೆ.
ಇವನು ಬಲ್ಲ ಮಾತಿಗೆ ಅನ್ನ ಹಾಕಿದ್ದೇ ಊರ ಜಗಳ:
ಮರದ ಮಿಲ್ಲಿನಲ್ಲಿ ತೋಳು ಬಿಟ್ಟುಬಂದ ಕೂಲಿ,
ಒಂದು ಸೌನಾದ ಬಾಗಿಲು
ಯಾರ ಅಂಗಳಕ್ಕೆ ತೆರೆಯಬೇಕೆಂದು
ಏಳು ಚಳಿಗಾಲ ಬಡಿದಾಡಿದ ಅಣ್ಣತಮ್ಮ,
ತಾಮ್ರದ ಗಣಿಯ ದೂಳು ಎದೆಯಲ್ಲಿ ಹೆಪ್ಪುಗಟ್ಟಿ
ತನ್ನ ಹೆಸರು ಹೇಳುವಷ್ಟರಲ್ಲಿ ಮೂರು ಸಲ ಕೆಮ್ಮಿದ ಮುದುಕ.

ಕೆಮ್ಮನ್ನು ಬರೆಯುವ ಹಾಗಿಲ್ಲ.
ವೈನೊ ಸುಮ್ಮನೆ ನಿಂತ,
ಕೆಮ್ಮು ಮುಗಿಯುವವರೆಗೆ, ಮುಗಿದ ಮೇಲೂ.
ಜೂರಿಯ ಹನ್ನೆರಡು ಮಂದಿ
ತಂತಮ್ಮ ಉಸಿರು ತಾವೇ ಕೇಳಿಸಿಕೊಂಡರು.
ಗಣಿ ಕಂಪನಿ ಸೋತದ್ದು ಅಲ್ಲಿ.
ನನ್ನ ಹಾಳೆಯಲ್ಲಿ ಅದು ಒಂದು ಖಾಲಿ ಸಾಲೂ ಅಲ್ಲ.

ಫೀಸು? ಹೊಗೆಯಲ್ಲಿ ಒಣಗಿಸಿದ ಮೀನು,
ಅರ್ಧ ಗಾಡಿ ಬರ್ಚ್ ಸೌದೆ,
ಒಮ್ಮೆ ಒಂದು ಕುಂಟುವ ಕುದುರೆ.
ಲೆಂಪಿ ಅದನ್ನು ಮರುದಿನವೇ ಹಿಂದಟ್ಟಿದಳು.

ಮನೆಯಲ್ಲಿ ಮಾತ್ರ ಒಂದು ಕೇಸೂ ಗೆದ್ದವನಲ್ಲ.
ನಾಲ್ಕು ಹೆಣ್ಣುಮಕ್ಕಳು, ಒಬ್ಬಳನ್ನು ಮೀರಿಸಿ ಒಬ್ಬಳು.
ಕಡೆಯವಳು ಐಲಾ, ಆರು ವರ್ಷದ ಪೋರಿ,
ಅಪ್ಪನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ,
"ಮಿಸ್ಟರ್ ಹೌಟಾಲ, ನಾಟಕಕ್ಕೆ ಬರುತ್ತೇನೆ ಅಂದಿರೋ ಇಲ್ಲವೋ?
ಹೌದು ಅಥವಾ ಇಲ್ಲ. ಕತೆ ಬೇಡ."
ಮಾರನೆಯ ದಿನ ಊಟದ ಬಿಡುವಿನಲ್ಲಿ
ಆಲೂಗಡ್ಡೆಯ ಪಾಸ್ಟಿ ಜಗಿಯುತ್ತಲೇ ಹೇಳಿದ:
"ಎದುರು ವಕೀಲೆಗೆ ಮುಂದಿನ ಹಲ್ಲೆರಡಿಲ್ಲ,
ಆದರೂ ನೆಲ ಕಚ್ಚಿದೆ, ಡೋರೀನ್."
ನಗುತ್ತಿದ್ದ. ಪೂರ್ತಿ ಅಲ್ಲ.

ಸೋತ ಕೇಸುಗಳೂ ನೆನಪಿವೆ.
ಟ್ರೆಗೆಂಬೊ ಅಂತೊಬ್ಬ ಹುಡುಗ, ಹತ್ತೊಂಬತ್ತು.
ಅಂಗಡಿಗೆ ಬೆಂಕಿ ಬಿದ್ದಿತ್ತು, ಒಳಗೆ ಕಾವಲುಗಾರ ಮಲಗಿದ್ದ.
ತಪ್ಪಿತಸ್ಥ, ಎಂದಿತು ಜೂರಿ.
ವೈನೊ ಕಾಗದವನ್ನು ಎರಡು ಮಡಿಕೆ ಮಾಡಿ ಜೇಬಿಗಿಟ್ಟು
"ಇನ್ನೇನೂ ಇಲ್ಲ, ಮಹಾಸ್ವಾಮಿ" ಎಂದ.
ನಾಲ್ಕು ಪದ ಕೂಡ ಇಲ್ಲ.
ಸಂಜೆ ಹೊರಗೆ ಬಂದಾಗ
ಅವನ ಕಾರು ಹಿಮದಲ್ಲಿ ನಿಂತೇ ಇತ್ತು,
ಇಂಜಿನ್ ಚಾಲೂ, ವೈಪರ್ ಆಚೆ ಈಚೆ,
ಒಳಗೆ ಸ್ಟಿಯರಿಂಗಿಗೆ ಹಣೆ ಆನಿಸಿದ ಮನುಷ್ಯ.
ನಾನು ಗಾಜು ತಟ್ಟಲಿಲ್ಲ.
ತಟ್ಟಬೇಕಿತ್ತೇನೋ.

ಆಮೇಲೆ ಪ್ರತಿ ಏಪ್ರಿಲ್‌ನಲ್ಲಿ ಒಂದು ದಿನ
ನೂರು ಮೈಲಿ ಆಚೆಯ ಜೈಲಿಗೆ ಹೋಗಿಬರುತ್ತಿದ್ದನಂತೆ.
ಅದು ಹುಡುಗನ ಹುಟ್ಟಿದ ದಿನ.
ಲೆಂಪಿ ಹೇಳಿದ್ದು, ಬಹಳ ತಡವಾಗಿ.

ಕಡೆಯ ಎರಡು ವರ್ಷ ಅವನಿಗೆ ಮಾತಿರಲಿಲ್ಲ.
ಒಂದು ಬೆಳಗ್ಗೆ, ಗಡ್ಡ ಹೆರೆಯುತ್ತಿದ್ದಾಗ,
ಮಿದುಳಿನಲ್ಲಿ ಏನೋ ಕಡಿದು
ಅಷ್ಟು ಮಾತೂ ಒಮ್ಮೆಗೇ ಹೋಯಿತು.
ಉಳಿದದ್ದು ತಲೆಯಾಡಿಸುವುದು.
ಕಾಫಿ ಬೇಕೇ? ಕಿಟಕಿ ಮುಚ್ಚಲೇ? ಐಲಾ ಬಂದಿದ್ದಾಳೆ, ನೋಡು.
ಮೇಲೆ ಕೆಳಗೆ, ಆಚೆ ಈಚೆ.
ಶನಿವಾರಗಳಲ್ಲಿ ಹೋಗಿ ಎದುರು ಕೂರುತ್ತಿದ್ದೆ.
ಸರೋವರದ ಗಾಳಿ ಗಾಜನ್ನು ಅದುರಿಸುತ್ತಿತ್ತು,
ಹಿತ್ತಿಲಲ್ಲಿ ಅಳಿಯ ಸೌನಾಗೆ ಸೌದೆ ಒಡೆಯುತ್ತಿದ್ದ.

ಒಂದು ದಿನ, ಲೆಂಪಿ ಒಳಗಿದ್ದಾಗ, ಕೇಳಿಯೇಬಿಟ್ಟೆ.
ಇಪ್ಪತ್ತಾರು ವರ್ಷ ಬೆರಳ ತುದಿಯಲ್ಲಿದ್ದ ಪ್ರಶ್ನೆ:
ಆ ಬೆಂಕಿ, ವೈನೊ. ಟ್ರೆಗೆಂಬೊ ಹಚ್ಚಿದ್ದನೇ?

ಕಿಟಕಿಯನ್ನೇ ನೋಡಿದ, ಬಹಳ ಹೊತ್ತು.
ಮುದುಕ ಕೆಮ್ಮುತ್ತಿದ್ದ ದಿನ ನಿಂತಷ್ಟು ಹೊತ್ತು.
ಆಮೇಲೆ ತಲೆ ಅಲುಗಿತು.

ಅಷ್ಟರಲ್ಲಿ ಲೆಂಪಿ ಕಾಫಿ ತಂದಳು,
ಸೆರಗಿಲ್ಲದ ಊರಿನವಳು, ತೋಳಿನಿಂದಲೇ
ಅವನ ಗಲ್ಲ ಒರೆಸಿದಳು.
ನಾನು ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು
ಸುಮ್ಮನೆ ಕೂತಿದ್ದೆ.