ಎಪ್ಪತ್ತರ ಆಚೆ

ನೋಟುಪುಸ್ತಕದ ಬೆನ್ನಿಗೆ ಮಗ್ಗಿ ಅಚ್ಚಾಗಿದೆ.
ಏಳು ಹತ್ಲ ಎಪ್ಪತ್ತು, ಅದರ ಕೆಳಗೆ
ಕಂಪೆನಿಯ ವಿಳಾಸ, ಬೆಲೆ, ಒಂದು ಆನೆಯ ಚಿತ್ರ.
ಹಾಗಾಗಿ ಬೆಂಗ್ರೆಯ ನನ್ನ ನಾಲ್ಕನೇ ಕ್ಲಾಸಿಗೆ
ಏಳು ಎಂಬುದು ಎಪ್ಪತ್ತಕ್ಕೆ ತೀರಿಹೋಗುತ್ತದೆ.
ಆಮೇಲೆ ಆನೆ.

ಬಂದರಿನಲ್ಲಿ ಫೆರಿ ಹತ್ತುವಾಗಲೇ ಯೋಚಿಸಿದ್ದೆ,
ಅಪವರ್ತ್ಯ ಅನ್ನುವ ಪದವನ್ನು
ಈ ಪುಟ್ಟ ಬಾಯಿಗಳಿಗೆ ಇಳಿಸುವುದು ಹೇಗೆಂದು.
ನನ್ನ ಗಂಟಲಲ್ಲೇ ಅದು
ಬಂಗುಡೆ ಮುಳ್ಳಿನಂತೆ ಅಡ್ಡ ನಿಲ್ಲುತ್ತದೆ.
ಪಕ್ಕದಲ್ಲಿ ಕೂತಾಕೆ, ದಕ್ಕೆಯಲ್ಲಿ ಮೀನು ಮಾರಿ ಬಂದವಳು,
ಖಾಲಿ ಬುಟ್ಟಿ ಕಾಲಡಿ ಇಟ್ಟು ನೋಟು ಎಣಿಸುತ್ತಿದ್ದಳು.
ಎರಡು ಸಲ ಎಣಿಸಿದಳು, ಎರಡು ಸಲವೂ ಬೇರೆ ಬೇರೆ ಬಂತು.
ಮೂರನೆಯ ಸಲ ನನ್ನ ಕಡೆ ತಿರುಗಿ ಕೂತಳು,
ನಾನು ಕದಿಯುತ್ತೇನೋ ಎಂಬಂತೆ, ಲೆಕ್ಕವನ್ನು.

ಜಗಲಿಯ ಕೆಂಪು ಹಂಚುಗಳ ಮೇಲೆ ಸೀಮೆಸುಣ್ಣದಿಂದ
ಒಂದರಿಂದ ಬರೆಯುತ್ತ ಹೋದೆ.
ಏಳಕ್ಕೊಂದು ಹಾರಬೇಕು, ನಡುವೆ ಕಾಲೂರಬಾರದು.
ಹಾರಿದರು. ಬಿದ್ದರು. ಒಬ್ಬನ ಮೊಣಕಾಲು ತರಚಿತು.
ನಲವತ್ತೆರಡಕ್ಕೆ ಜಗಲಿ ಮುಗಿದು ಮರಳು ಶುರು.
ಮರಳಿನಲ್ಲಿ ಬೆರಳಿಂದ ನಲವತ್ತೊಂಬತ್ತು ಬರೆದೆ,
ಗಾಳಿ ಬಂತು.
ಇದನ್ನೇ ಹೇಳಲು ಹೊರಟದ್ದಲ್ಲವೇ ನಾನು,
ಅಂಕೆ ಅಳಿಸಿದರೂ ಜಾಗ ಅಳಿಸುವುದಿಲ್ಲ ಎಂದು?
ಹೇಳಲಿಲ್ಲ. ಬೆಲ್ಲು ಹೊಡೆಯಿತು.

ಮಧ್ಯಾಹ್ನ ಊಟ ಮುಗಿಸಿ ಲಿಖಿತ ಪುತ್ರನ್
ಸಹಕಾರಿ ಸಂಘದ ಕ್ಯಾಲೆಂಡರಿನ ಎದುರು ನಿಂತ.
'ಟೀಚರ್, ಕೆಂಪಿನಲ್ಲಿ ಉಂಟಲ್ಲ, ಆದಿತ್ಯವಾರ,
ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು.
ಮತ್ತೆ ಮೂವತ್ತೈದು ಎಲ್ಲಿ?'
ಡಿಸೆಂಬರ್ ಹಾಳೆ ಎತ್ತಿದ. ಹಿಂದೆ ಬರೀ ಗೋಡೆ,
ಮತ್ತೊಂದು ಹಲ್ಲಿಮೊಟ್ಟೆ.
ಹೊಸ ಕ್ಯಾಲೆಂಡರ್ ಬರಲಿ, ಜನವರಿ ನಾಲ್ಕನ್ನು ನೋಡು ಅಂದೆ,
ಮೂವತ್ತೈದು ಅಲ್ಲಿ ನಾಲ್ಕರ ಅಂಗಿ ತೊಟ್ಟು ಕೂತಿರುತ್ತದೆ.
ನಂಬಿದನೋ ಇಲ್ಲವೋ. ಕೈ ತೊಳೆಯಲು ಓಡಿದ.

ಮಿಸ್ರಿಯಾ ಮಾತ್ರ ಹಾರಲಿಲ್ಲ, ಕೇಳಲಿಲ್ಲ.
ಏಳರ ಮಗ್ಗಿ ಕೇಳಿದರೆ ಐದ್ಲದಲ್ಲಿ ನಿಲ್ಲುತ್ತಾಳೆ, ತುಟಿ ಕಚ್ಚಿ.
ಇಪ್ಪತ್ತೈದರದು ಬರುತ್ತದಾ ಎಂದು
ಸುಮ್ಮನೆ, ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ.
ಇಪ್ಪತ್ತೈದು ಐವತ್ತು ಎಪ್ಪತ್ತೈದು ನೂರು
ತಡೆಯಿಲ್ಲದೆ ಹೋಯಿತು, ಆನೆಯನ್ನೂ ದಾಟಿ,
ಒಂಬೈನೂರ ಐವತ್ತು, ಒಂಬೈನೂರ ಎಪ್ಪತ್ತೈದು, ಸಾವಿರ.
ಸಾವಿರಕ್ಕೆ ಉಸಿರು ಬಿಟ್ಟಳು.
ಕ್ಲಾಸು ಬಾಯಿ ಬಿಟ್ಟಿತ್ತು.
'ಉಮ್ಮ ಬೀಡಿ ಕಟ್ಟುದಲ್ಲ ಟೀಚರ್,
ಕಟ್ಟಿಗೆ ಇಪ್ಪತ್ತೈದು. ನೂಲು ಸುತ್ತುದು ನಾನು.'

ಹಾಗಾದರೆ ಏಳನ್ನೂ ಸಾವಿರದವರೆಗೆ ಬರೆದು ತಾ ಅಂದೆ.
ತಮಾಷೆಗೆ ಅಂದದ್ದು.
ಆಮೇಲೆ ಫೆರಿಯಲ್ಲಿ ನೆನಪಾಯಿತು,
ರಾತ್ರಿ ಅವಳ ಕೈಗೆ ಬೇರೆ ಕೆಲಸ ಉಂಟೆಂದು.

ಮರುದಿನ ತಂದಳು. ನಾಲ್ಕು ಪುಟ,
ಅಂಚಿನಲ್ಲಿ ಹೊಗೆಸೊಪ್ಪಿನ ವಾಸನೆ.
ಮುನ್ನೂರರ ಹತ್ತಿರ ಒಂದು ತಪ್ಪಿ, ಹೊಡೆದು,
ಮತ್ತೆ ಸರಿದಾರಿಗೆ ಬಂದದ್ದು.
ಕೊನೆಗೆ ಒಂಬೈನೂರ ತೊಂಬತ್ತನಾಲ್ಕು.
ಅದರ ಕೆಳಗೆ ಒತ್ತಿ ಬರೆದ ಸಾವಿರದ ಒಂದು.

'ಸಾವಿರ ಸಿಗುದಿಲ್ಲ ಟೀಚರ್, ಎರಡು ಸಲ ನೋಡಿದೆ.
ಆರು ಕಮ್ಮಿ, ಇಲ್ಲದಿದ್ದರೆ ಒಂದು ಹೆಚ್ಚು.'
ಉಮ್ಮನಿಗೆ ತೋರಿಸಿದೆಯಾ?
'ತೋರಿಸಿದೆ. ನೆಗಾಡಿದರು.
ಬ್ರಾಂಚಿನವರು ಆರು ಕಮ್ಮಿಯಾದರೆ ಹಣ ಹಿಡಿತಾರಂತೆ.
ಒಂದು ಹೆಚ್ಚಿದ್ದರೆ
ಏನೂ ಹೇಳುದಿಲ್ಲವಂತೆ.'

ಕೆಂಪು ಪೆನ್ನು ಹಿಡಿದು ಕೂತಿದ್ದೆ.
ಆ ಒಂದಕ್ಕೆ ಎಷ್ಟು ಮಾರ್ಕು ಕೊಡಲಿ?
ಹೊರಗೆ ಮರಳಿನಲ್ಲಿ ಲಿಖಿತ ಯಾರಿಗೋ ಕೂಗಿ ಹೇಳುತ್ತಿದ್ದ,
ಜನವರಿ ನಾಲ್ಕು ನಿಜವಾಗಿ ಮೂವತ್ತೈದು,
ಬೇಕಿದ್ದರೆ ಟೀಚರನ್ನು ಕೇಳು.